ಕೇಳಿದ ಮೆಮೊರಿ ಸಿಗದಿದ್ದರೆ ವಿಎಂ ಏಳಲೇಬಾರದು: ಕ್ಯೂಎಮುವಿನ ಮೆಮ್-ಪಾತ್ ಫಾಲ್‌ಬ್ಯಾಕ್ ಬಗ್ಗೆ ಚರ್ಚೆ

ಹೋಸ್ಟ್ ಕಾವಲು

ವಿಎಂ (ಒಂದು ಯಂತ್ರದೊಳಗೆ ಓಡುವ ವರ್ಚುವಲ್ ಯಂತ್ರ) ಓಡಿಸುವ ಪ್ರೋಗ್ರಾಂ ಆದ ಕ್ಯೂಎಮುವಿನ ಹಳೆಯ ವರ್ಶನ್ ಬಿಟ್ಟು ಹೊಸದಕ್ಕೆ ಬಂದವರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಕಮಾಂಡ್ ಅದೇ, ಯಂತ್ರ ಅದೇ, ಆದರೆ ವಿಎಂ ಏಳುತ್ತಿಲ್ಲ. ಗೆಸ್ಟ್‌ನ, ಅಂದರೆ ವಿಎಂ ಒಳಗಿನ ಸಿಸ್ಟಂನ, ರ‍್ಯಾಮ್ ಮ್ಯಾಪ್ ಮಾಡಲು ಆಗಲಿಲ್ಲ ಅಂತ ಎರರ್ ಕೊಟ್ಟು ಪ್ರೊಸೆಸ್ ಅಲ್ಲೇ ನಿಂತುಬಿಡುತ್ತದೆ. ‘ಮೊದಲು ಸರಿಯಾಗಿತ್ತು, ಹೊಸ ವರ್ಶನ್ ಕೆಡಿಸಿದೆ, ಹಳೆಯ ನಡವಳಿಕೆ ವಾಪಸ್ ಕೊಡಿ’ ಅಂತ ಕೇಳುವವರು ಜಾಸ್ತಿ. ಅದು ವಾಪಸ್ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಬರೆಯುತ್ತೇನೆ. ಒಪ್ಪದವರು ದಯವಿಟ್ಟು ವಾದ ಮಾಡಿ.

ಮೊದಲು ಏನಾಗುತ್ತಿತ್ತು ನೋಡೋಣ. ಮೆಮ್-ಪಾತ್ ಆಯ್ಕೆ ಕೊಟ್ಟು ಹ್ಯೂಜ್‌ಪೇಜ್ (ಮಾಮೂಲಿ 4 ಕೆಬಿಗಿಂತ ದೊಡ್ಡ ಮೆಮೊರಿ ಪೇಜ್) ಡೈರೆಕ್ಟರಿ ತೋರಿಸುತ್ತೇವೆ. ಗೆಸ್ಟ್‌ನ ಇಡೀ ರ‍್ಯಾಮ್ ಅಲ್ಲಿಂದಲೇ ಬರಬೇಕು ಅಂತ ಅದರ ಅರ್ಥ. ಅಲ್ಲಿ ಜಾಗ ಸಾಲದಿದ್ದರೆ ಹಳೆಯ ಕ್ಯೂಎಮು ಏನು ಮಾಡುತ್ತಿತ್ತು ಗೊತ್ತಾ? ನಾವು ಹೇಳಿದ ಜಾಗವನ್ನು ಪೂರ್ತಿ ಬದಿಗಿಟ್ಟು, ಹೋಸ್ಟ್‌ನ (ವಿಎಂ ಓಡಿಸುವ ನಿಜವಾದ ಯಂತ್ರದ) ಮಾಮೂಲಿ ರ‍್ಯಾಮ್‌ನಿಂದ ಮೆಮೊರಿ ತಗೊಂಡು ಸದ್ದಿಲ್ಲದೆ ವಿಎಂ ಎಬ್ಬಿಸುತ್ತಿತ್ತು. ಪ್ರೊಸೆಸ್ ಓಡುತ್ತಿರುತ್ತದೆ, ಗೆಸ್ಟ್ ಬೂಟ್ ಆಗುತ್ತದೆ, ಮೇಲಿನಿಂದ ನೋಡುವವರಿಗೆ ಎಲ್ಲಾ ಹಸಿರು.

2019ರ ಆಗಸ್ಟ್‌ನಲ್ಲಿ ಬಂದ ಕ್ಯೂಎಮು 4.1ರಲ್ಲಿ ಈ ಫಾಲ್‌ಬ್ಯಾಕ್ ಅನ್ನು, ಅಂದರೆ ಕೇಳಿದ್ದು ಸಿಗದಿದ್ದರೆ ಬೇರೆಯದಕ್ಕೆ ಇಳಿಯುವುದನ್ನು, ಡಿಪ್ರಿಕೇಟ್ ಮಾಡಿದರು (ಮುಂದೆ ತೆಗೆಯುತ್ತೇವೆ ಅಂತ ಎಚ್ಚರಿಸಿದರು). 2020ರ ಏಪ್ರಿಲ್‌ನ 5.0ರಲ್ಲಿ ತೆಗೆದೇಬಿಟ್ಟರು. ಮೆಮ್-ಪಾತ್ ಆಯ್ಕೆ ಈಗಲೂ ಇದೆ. ಹೋಗಿದ್ದು ಫಾಲ್‌ಬ್ಯಾಕ್ ಮಾತ್ರ.

ಆ ಫಾಲ್‌ಬ್ಯಾಕ್ ಎಷ್ಟು ಕೆಟ್ಟದ್ದು ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 256 ಜಿಬಿ ಹೋಸ್ಟ್. 240 ಜಿಬಿ ಹ್ಯೂಜ್‌ಪೇಜ್‌ಗೆ ಕಟ್ಟಿಟ್ಟಿದ್ದೀರಿ. ಉಳಿದ 16 ಜಿಬಿಯಲ್ಲಿ ಹೋಸ್ಟ್ ಬದುಕಬೇಕು: ಕರ್ನಲ್, ಏಜೆಂಟ್‌ಗಳು, ಪ್ರತಿ ಕ್ಯೂಎಮು ಪ್ರೊಸೆಸ್‌ನ ಸ್ವಂತ ಖರ್ಚು, ಫೈಲ್ ಕ್ಯಾಶ್. ಈಗ 12 ಜಿಬಿಯ ಒಂದು ವಿಎಂಗೆ ಹ್ಯೂಜ್‌ಪೇಜ್ ಸಾಲಲಿಲ್ಲ. ಅದು ಆ 16ರೊಳಗೆ ಬಂದು ಕೂರುತ್ತದೆ. ಆದರೆ ಕೂತ ತಕ್ಷಣ ಏನೂ ಆಗುವುದಿಲ್ಲ. ಗೆಸ್ಟ್ ಮುಟ್ಟಿದ ಪೇಜ್‌ಗಳಿಗೆ ಮಾತ್ರ ನಿಜವಾದ ಮೆಮೊರಿ ಹೋಗುವುದು. ದಿನ ಕಳೆದಂತೆ ಗೆಸ್ಟ್ ತನ್ನ ಪಾಲನ್ನು ತುಂಬಿಸುತ್ತದೆ. ಯಾವುದೋ ರಾತ್ರಿ ಬ್ಯಾಕಪ್ ಓಡುವಾಗ ಹೋಸ್ಟ್ ಸ್ವಾಪ್‌ಗೆ (ರ‍್ಯಾಮ್ ಸಾಲದೆ ಡಿಸ್ಕ್ ಬಳಸುವುದಕ್ಕೆ) ಬೀಳುತ್ತದೆ, ಆಮೇಲೆ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್ ಭಾಗ, ಬರುತ್ತದೆ. ವಿಎಂ ಶುರುಮಾಡಿದವರು ಅಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ರಾತ್ರಿ ಎದ್ದು ನೋಡುವವರು ಬೇರೆಯೇ.

ಶುರುವಿನಲ್ಲೇ ಸೋತಿದ್ದರೆ ಒಂದು ವಿಎಂ ಏಳುತ್ತಿರಲಿಲ್ಲ, ಅಷ್ಟೇ. ಈಗ ಹೋಸ್ಟ್ ಮೇಲಿರುವ ಎಲ್ಲಾ ವಿಎಂಗಳೂ ಅಪಾಯದಲ್ಲಿ.

ಇನ್ನೊಂದು ಪ್ರಶ್ನೆ. ಕ್ಯೂಎಮು ಫಾಲ್‌ಬ್ಯಾಕ್ ತೆಗೆದ ಮೇಲೂ ಎಷ್ಟೋ ಕಡೆ ಶುರುಮಾಡುವ ಸ್ಕ್ರಿಪ್ಟ್‌ಗಳೇ ಅದೇ ಕೆಲಸ ಮಾಡುತ್ತಿವೆ. ಸೋತರೆ ಮೆಮ್-ಪಾತ್ ಕಿತ್ತುಹಾಕಿ ಮತ್ತೆ ಓಡಿಸು ಅಂತ. ಅದನ್ನೂ ಬಿಡಬೇಕು ಅಲ್ವಾ? ಏನಂತೀರಿ?

ಲ್ಯಾಬ್ ಯಂತ್ರ

ನಾನು ಒಪ್ಪುವುದಿಲ್ಲ.

ನಮ್ಮದು ಟೆಸ್ಟ್ ಯಂತ್ರಗಳು. ಒಂದೇ ಹೋಸ್ಟ್ ಮೇಲೆ ದಿನವಿಡೀ ಚಿಕ್ಕ ಚಿಕ್ಕ ವಿಎಂಗಳು ಹುಟ್ಟುತ್ತವೆ, ಸಾಯುತ್ತವೆ. ಹ್ಯೂಜ್‌ಪೇಜ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಟೆಸ್ಟ್ ಸ್ವಲ್ಪ ನಿಧಾನ ಆಗುತ್ತದೆ. ನಮಗೆ ಅದು ಪರವಾಗಿಲ್ಲ. ಆದರೆ ವಿಎಂ ಏಳದೇ ಹೋದರೆ ಟೆಸ್ಟ್ ಫೇಲ್ ಅಂತ ಕೆಂಪು ಬೀಳುತ್ತದೆ. ಕೋಡ್ ಬರೆದವರು ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ.

ಓಡುವುದು ಮುಖ್ಯ ಅನ್ನುವವರೂ ಇದ್ದಾರೆ. ದೊಡ್ಡ ಹೋಸ್ಟ್‌ಗಳ ಕಷ್ಟ ಇಟ್ಟುಕೊಂಡು ಎಲ್ಲರ ಕೈಯಿಂದ ಒಂದು ಸೌಲಭ್ಯ ಕಿತ್ತುಕೊಳ್ಳುವುದು ಸರಿಯಲ್ಲ.

ಪುಟದ ಲೆಕ್ಕ

‘ಸ್ವಲ್ಪ ನಿಧಾನ’ ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ಹ್ಯೂಜ್‌ಪೇಜ್ ಯಾಕೆ ಕೇಳುತ್ತೇವೆ ಅನ್ನುವುದನ್ನು ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

64 ಜಿಬಿ ಗೆಸ್ಟ್ ತಗೊಳ್ಳಿ. 4 ಕೆಬಿ ಪೇಜ್ ಆದರೆ 1,67,77,216 ಪೇಜ್‌ಗಳು. 2 ಎಂಬಿ ಆದರೆ 32,768. 1 ಜಿಬಿ ಆದರೆ ಬರೀ 64. ಪೇಜ್‌ಗಳ ವಿಳಾಸ ನೆನಪಿಡುವ, ಪ್ರೊಸೆಸರ್‌ನ ಟಿಎಲ್‌ಬಿ ತುಂಬಾ ಚಿಕ್ಕದು. ಎಷ್ಟು ಪೇಜ್‌ಗಳ ವಿಳಾಸ ಅದರಲ್ಲಿ ನಿಲ್ಲುತ್ತದೋ ಅಷ್ಟಕ್ಕೆ ಮಾತ್ರ ಕೆಲಸ ಚುರುಕು. ಉಳಿದದ್ದಕ್ಕೆ ಪ್ರತಿ ಸಲ ಪೇಜ್ ಟೇಬಲ್ (ಯಾವ ಪೇಜ್ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಪಟ್ಟಿ) ನಡೆದು ನೋಡಬೇಕು.

ವಿಎಂ ಒಳಗೆ ಈ ನಡಿಗೆ ಇನ್ನೂ ದುಬಾರಿ. ಮಾಮೂಲಿ ಯಂತ್ರದಲ್ಲಿ ನಾಲ್ಕು ಹಂತದ ಟೇಬಲ್ ಇದ್ದರೆ ಹೆಚ್ಚೆಂದರೆ 4 ಸಲ ಮೆಮೊರಿ ಓದಬೇಕು. ಗೆಸ್ಟ್ ಆದರೆ ಗೆಸ್ಟ್‌ನ ಪ್ರತಿ ಹಂತದ ವಿಳಾಸವನ್ನೂ ಹೋಸ್ಟ್ ಟೇಬಲ್‌ನಲ್ಲಿ ಹುಡುಕಬೇಕು. ಎರಡೂ ಕಡೆ ನಾಲ್ಕು ಹಂತ ಇದ್ದರೆ ಅದು 24 ಓದುಗಳವರೆಗೆ ಹೋಗುತ್ತದೆ. ಹೋಸ್ಟ್ ಕಡೆ ಮಾತ್ರ 2 ಎಂಬಿ ಪೇಜ್ ಹಾಕಿದರೆ 19ಕ್ಕೆ ಇಳಿಯುತ್ತದೆ. ಗೆಸ್ಟ್ ಒಳಗೂ 2 ಎಂಬಿ ಆದರೆ 15.

ಡೇಟಾಬೇಸ್ ತರಹ ಮೆಮೊರಿಯಲ್ಲಿ ಎಲ್ಲೆಂದರಲ್ಲಿ ಓಡಾಡುವ ಕೆಲಸಕ್ಕೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೇ ಜಾಗದಲ್ಲಿ ಲೆಕ್ಕ ಹಾಕುತ್ತಾ ಇರುವ ಕೆಲಸಕ್ಕೆ ಅಷ್ಟಾಗಿ ಕಾಣುವುದಿಲ್ಲ. ಫಾಲ್‌ಬ್ಯಾಕ್‌ನ ತೊಂದರೆ ಇಲ್ಲೇ ಇದೆ. ಒಂದೇ ಇಮೇಜ್, ಒಂದೇ ಕಮಾಂಡ್, ಎರಡು ಹೋಸ್ಟ್‌ಗಳಲ್ಲಿ ಎರಡು ವೇಗ. ಅಳತೆ ಮಾಡುವವರು ಯಾವುದನ್ನು ನಂಬಬೇಕು? ಟೆಸ್ಟ್ ಯಂತ್ರಕ್ಕೂ ಈ ಮಾತು ಅನ್ವಯ. ವೇಗದ ಟೆಸ್ಟ್ ಓಡಿಸುವವರಿಗಂತೂ ಇನ್ನೂ ಜಾಸ್ತಿ.

ಹೊಸ ಬಳಕೆದಾರ

ಒಂದು ಸಂದೇಹ. ಹಳೆಯ ಕ್ಯೂಎಮು ‘ಸದ್ದಿಲ್ಲದೆ’ ಎಬ್ಬಿಸುತ್ತಿತ್ತು ಅಂತ ಮೊದಲ ಪೋಸ್ಟ್‌ನಲ್ಲಿದೆ. ನಾನು ಹಳೆಯ ವರ್ಶನ್ ಓಡಿಸಿ ನೋಡಿದೆ. ಮಾಮೂಲಿ ರ‍್ಯಾಮ್‌ಗೆ ಹೋಗುತ್ತಿದ್ದೇನೆ ಅಂತ ಒಂದು ಸಾಲು ಬಂತು. ಅಂದಮೇಲೆ ಸದ್ದಿಲ್ಲದೆ ಹೇಗಾಯಿತು?

ಹೋಸ್ಟ್ ಕಾವಲು

ಸರಿಯಾದ ಪ್ರಶ್ನೆ. ಸಾಲು ಬರುತ್ತಿತ್ತು, ನಿಜ. ಸ್ಟ್ಯಾಂಡರ್ಡ್ ಎರರ್‌ನಲ್ಲಿ ಮೊದಲು ಎರರ್, ಆಮೇಲೆ ಫಾಲ್‌ಬ್ಯಾಕ್ ಆಗುತ್ತಿದೆ ಅನ್ನುವ ಮಾತು. 4.1ರ ನಂತರ ‘ಇದು ಡಿಪ್ರಿಕೇಟ್ ಆಗಿದೆ, ಮೆಮ್-ಪಾತ್ ತೋರಿಸುವ ಜಾಗದಲ್ಲಿ ಸಾಕಷ್ಟು ಮೆಮೊರಿ ಇದೆಯಾ ನೋಡಿಕೊಳ್ಳಿ’ ಅನ್ನುವ ಸೂಚನೆಯೂ ಸೇರಿತು.

ಆದರೆ ಅದನ್ನು ಓದುವವರು ಯಾರು? ಟರ್ಮಿನಲ್‌ನಲ್ಲಿ ಕೂತು ಕೈಯಿಂದ ಕ್ಯೂಎಮು ಓಡಿಸುವವರಿಗೆ ಕಾಣುತ್ತದೆ. ಉಳಿದ ಕಡೆ ಎಲ್ಲಾ ಒಂದು ಪ್ರೋಗ್ರಾಂ ಇನ್ನೊಂದನ್ನು ಶುರುಮಾಡುತ್ತದೆ. ಆ ಸಾಲು ಯಾವುದೋ ಲಾಗ್ ಫೈಲ್‌ಗೆ ಹೋಗಿ ಬೀಳುತ್ತದೆ. ಮೇಲಿನ ಪ್ರೋಗ್ರಾಂ ನೋಡುವುದು ಪ್ರೊಸೆಸ್ ಬದುಕಿದೆಯಾ, ಮಾನಿಟರ್ ಸಾಕೆಟ್ ಉತ್ತರ ಕೊಡುತ್ತಿದೆಯಾ ಅಂತ ಮಾತ್ರ. ಎರಡಕ್ಕೂ ಉತ್ತರ ಹೌದು. ಯಂತ್ರಕ್ಕೆ ಅರ್ಥ ಆಗುವ ಸೂಚನೆ ಇಲ್ಲ ಅಂದರೆ ಅದು ಸದ್ದಿಲ್ಲದ್ದೇ.

ಇನ್ನೂ ಒಂದು ಗೊಂದಲ ಇತ್ತು. ಗೆಸ್ಟ್‌ನ ಮೆಮೊರಿಯನ್ನೆಲ್ಲಾ ಶುರುವಿನಲ್ಲೇ ತಗೊಳ್ಳುವ ಮೆಮ್-ಪ್ರೀಅಲಾಕ್ ಅನ್ನುವ ಆಯ್ಕೆಯನ್ನೂ ಜೊತೆಗೆ ಕೊಟ್ಟಿದ್ದರೆ ಹಳೆಯ ಕ್ಯೂಎಮು ಕೂಡ ಫಾಲ್‌ಬ್ಯಾಕ್ ಮಾಡುತ್ತಿರಲಿಲ್ಲ, ನಿಂತುಬಿಡುತ್ತಿತ್ತು. ಮೆಮೊರಿ ಬ್ಯಾಕೆಂಡ್ ಫೈಲ್ ಆಬ್ಜೆಕ್ಟ್ (ಗೆಸ್ಟ್ ಮೆಮೊರಿ ಯಾವ ಫೈಲ್‌ನಿಂದ ಬರಬೇಕು ಅಂತ ಹೇಳುವ ಇನ್ನೊಂದು ಆಯ್ಕೆ) ಕೊಟ್ಟು ಗೆಸ್ಟ್ ರ‍್ಯಾಮ್ ಕಟ್ಟಿದವರಿಗೂ ಫಾಲ್‌ಬ್ಯಾಕ್ ಇರಲಿಲ್ಲ. ಅಂದರೆ ಒಂದೇ ಕೆಲಸಕ್ಕೆ ಮೂರು ದಾರಿ, ಎರಡರಲ್ಲಿ ಸೋಲು ಸೋಲೇ, ಒಂದರಲ್ಲಿ ಮಾತ್ರ ಸೋಲು ಮುಚ್ಚಿಹೋಗುತ್ತದೆ. ಈ ಆಯ್ಕೆಗಳನ್ನು ಕಲಿಯುವವರಿಗೆ ಇದನ್ನು ಹೇಗೆ ಹೇಳಿಕೊಡುವುದು?

ಅಂದಹಾಗೆ, ಲಿಬ್‌ವರ್ಟ್ (ಕ್ಯೂಎಮು ವಿಎಂಗಳನ್ನು ಶುರುಮಾಡಿ ನೋಡಿಕೊಳ್ಳುವ ಸಾಧನ) ಮೂಲಕ ಹ್ಯೂಜ್‌ಪೇಜ್ ಕೇಳಿದವರಿಗೆ ಲಿಬ್‌ವರ್ಟ್ ತಾನೇ ಪ್ರೀಅಲಾಕ್ ಸೇರಿಸುತ್ತಿತ್ತು. ಹಾಗಾಗಿ ಅವರಿಗೆ ಈ ಬದಲಾವಣೆ ಗೊತ್ತೇ ಆಗಿಲ್ಲ. ದೂರು ಬರುತ್ತಿರುವುದು ತಮ್ಮದೇ ಸ್ಕ್ರಿಪ್ಟ್‌ನಿಂದ ನೇರವಾಗಿ ಕ್ಯೂಎಮು ಓಡಿಸುವವರಿಂದ.

ಕರ್ನಲ್ ಓದುಗ

ಕೆಲವರು ಇನ್ನೊಂದು ವಾದ ತರುತ್ತಾರೆ, ಇಲ್ಲಿ ಇನ್ನೂ ಬಂದಿಲ್ಲ, ನಾನೇ ಎತ್ತುತ್ತೇನೆ. ‘ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ ಇದೆಯಲ್ಲ, ಮಾಮೂಲಿ ರ‍್ಯಾಮ್‌ಗೆ ಹೋದರೂ ಕರ್ನಲ್ ದೊಡ್ಡ ಪೇಜ್ ಕೊಡುತ್ತದೆ, ಫಾಲ್‌ಬ್ಯಾಕ್‌ನಿಂದ ನಷ್ಟ ಏನು?’

ಅದು 2011ರಿಂದ ಲಿನಕ್ಸ್‌ನಲ್ಲಿದೆ, 2.6.38ರಿಂದ. ತುಂಬಾ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಅದು ಸಿಕ್ಕರೆ ಸಿಕ್ಕಿತು. ಮೆಮೊರಿ ಚೂರುಚೂರಾಗಿದ್ದರೆ 4 ಕೆಬಿಯೇ ಗತಿ. ಒತ್ತಡ ಬಂದರೆ ದೊಡ್ಡ ಪೇಜ್ ಒಡೆದು ಸ್ವಾಪ್‌ಗೆ ಹೋಗಬಹುದು. ಹ್ಯೂಜ್‌ಟಿಎಲ್‌ಬಿ ಪೇಜ್, ಅಂದರೆ ನಾವು ಮೆಮ್-ಪಾತ್‌ನಲ್ಲಿ ಕೇಳುವ ಹ್ಯೂಜ್‌ಪೇಜ್, ಹಾಗಲ್ಲ. ಅದು ಮೊದಲೇ ತೆಗೆದಿಟ್ಟದ್ದು, ಸ್ವಾಪ್‌ಗೆ ಹೋಗುವುದೇ ಇಲ್ಲ. ಆ ಖಾತ್ರಿಗಾಗಿ ತಾನೆ ಅದನ್ನು ಕೇಳುವುದು. ಖಾತ್ರಿ ಬೇಡದವರು ಮೆಮ್-ಪಾತ್ ಕೊಡಲೇಬೇಕಿಲ್ಲ. ಸುಮ್ನೆ ಮಾಮೂಲಿ ರ‍್ಯಾಮ್ ತಗೊಂಡು ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್‌ಗೆ ಬಿಡಬಹುದು. ಲ್ಯಾಬ್ ಯಂತ್ರ ಅವರಿಗೆ ಬಹುಶಃ ಇದೇ ಸಾಕು.

ಹ್ಯೂಜ್‌ಪೇಜ್ ಸಾಲದೇ ಹೋಗುವುದು ಯಾಕೆ ಅನ್ನುವುದನ್ನೂ ನೋಡಿ. ಹೋಸ್ಟ್ ಓಡುತ್ತಿರುವಾಗ ಎಷ್ಟು ಹ್ಯೂಜ್‌ಪೇಜ್ ಬೇಕು ಅಂತ ಕರ್ನಲ್‌ನ ಎನ್‌ಆರ್-ಹ್ಯೂಜ್‌ಪೇಜಸ್‌ಗೆ ಒಂದು ಸಂಖ್ಯೆ ಬರೆಯುತ್ತೀರಿ. ಒಟ್ಟಿಗೆ ಅಷ್ಟು ಜಾಗ ಸಿಗದಿದ್ದರೆ ಕರ್ನಲ್ ಸಿಕ್ಕಷ್ಟು ಕೊಟ್ಟು ಸುಮ್ಮನಾಗುತ್ತದೆ. ಬರೆದ ಕಮಾಂಡ್ ಎರರ್ ಹೇಳುವುದಿಲ್ಲ. ನೀವು ವಾಪಸ್ ಓದಿ ನೋಡಬೇಕು. ಅಂದರೆ ಹಳೆಯ ಕ್ಯೂಎಮು ಇದ್ದಾಗ ಎರಡು ಪದರದಲ್ಲಿ ಮೌನ ಇತ್ತು. ಕೆಳಗೆ ಕರ್ನಲ್ ಕಡಿಮೆ ಕೊಟ್ಟಿತು, ಮೇಲೆ ಕ್ಯೂಎಮು ಬೇರೆ ಕಡೆಯಿಂದ ತಗೊಂಡಿತು, ಕೊನೆಗೆ ಎಲ್ಲಾ ಸರಿಯಾಗಿದೆ ಅಂತ ವರದಿ. ಒಂದು ಪದರವಾದರೂ ಮಾತಾಡುವಂತಾಗಿದ್ದು ದೊಡ್ಡ ಲಾಭ. 1 ಜಿಬಿ ಪೇಜ್ ಬೇಕಿದ್ದರಂತೂ ಕರ್ನಲ್ ಬೂಟ್ ಸಾಲಿನಲ್ಲೇ ಕಾಯ್ದಿರಿಸುವುದು ಒಳ್ಳೆಯದು. ಆಮೇಲೆ ಅಷ್ಟು ದೊಡ್ಡ ಅಖಂಡ ಜಾಗ ಸಿಗುವುದು ಕಷ್ಟ.

ಹೋಸ್ಟ್ ಕಾವಲು ಅವರ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಹ್ಯೂಜ್‌ಟಿಎಲ್‌ಬಿ ಪೇಜ್‌ಗಳು ಪ್ರೊಸೆಸ್‌ನ ಆರ್‌ಎಸ್‌ಎಸ್‌ನಲ್ಲಿ (ಅದು ಬಳಸುತ್ತಿರುವ ರ‍್ಯಾಮ್‌ನ ಲೆಕ್ಕದಲ್ಲಿ) ಸೇರುವುದಿಲ್ಲ. ಟಾಪ್ ಕಮಾಂಡ್ ಓಡಿಸಿ ನೋಡಿ. ಸರಿಯಾಗಿ ಹ್ಯೂಜ್‌ಪೇಜ್ ಸಿಕ್ಕ ವಿಎಂನ ರೆಸ್ ಕಾಲಂ ಚಿಕ್ಕದಾಗಿರುತ್ತದೆ. ಫಾಲ್‌ಬ್ಯಾಕ್ ಆದದ್ದು ಮಾತ್ರ ಬೆಟ್ಟದಷ್ಟು ತೋರಿಸುತ್ತದೆ. ಓಓಎಂ ಕಿಲ್ಲರ್ ನೋಡುವುದೂ ಇದೇ ಲೆಕ್ಕವನ್ನು. ಹಾಗಾಗಿ ಹೋಸ್ಟ್‌ಗೆ ಮೆಮೊರಿ ಮುಗಿದಾಗ ಮೊದಲು ಸಾಯುವ ಸಾಧ್ಯತೆ ಆ ವಿಎಂಗೇ ಜಾಸ್ತಿ. ಹ್ಯೂಜ್‌ಪೇಜ್ ಕೊಡುವಷ್ಟು ಮುಖ್ಯ ಅಂತ ನೀವು ಆರಿಸಿದ ವಿಎಂ ಅದು!

ಸಾಕೆಟ್ ಸಾಲು

ನೆಟ್‌ವರ್ಕ್ ಕಡೆಯದನ್ನೂ ಹೇಳಬೇಕು. ವಿಹೋಸ್ಟ್-ಯೂಸರ್ ಬಳಸಿದರೆ ಪ್ಯಾಕೆಟ್ ಸಾಗಿಸುವ ಇನ್ನೊಂದು ಪ್ರೊಸೆಸ್ ಗೆಸ್ಟ್ ಮೆಮೊರಿಯನ್ನು ನೇರವಾಗಿ ಮ್ಯಾಪ್ ಮಾಡಿಕೊಳ್ಳಬೇಕು. ಮಾಮೂಲಿ ಅನಾಮಿಕ ರ‍್ಯಾಮ್‌ಗೆ ಹೋದರೆ ಹಂಚಲು ಫೈಲ್ ಡಿಸ್ಕ್ರಿಪ್ಟರೇ ಇಲ್ಲ. ವಿಎಂ ಎದ್ದಿರುತ್ತದೆ, ನೆಟ್‌ವರ್ಕ್ ಸತ್ತಿರುತ್ತದೆ. ಫಾಲ್‌ಬ್ಯಾಕ್ ಇಂಥವರಿಗೆ ಮಾಡಿದ ಹಾನಿ ದೊಡ್ಡದು.

ಕರ್ನಲ್ ಓದುಗ

ತತ್ವ ಸರಿ, ಆದರೆ ಈ ಉದಾಹರಣೆ ಇಲ್ಲಿ ಕೂರುವುದಿಲ್ಲ. ವಿಹೋಸ್ಟ್-ಯೂಸರ್‌ಗೆ ಮ್ಯಾಪಿಂಗ್ ಶೇರ್ಡ್ (ಬೇರೆ ಪ್ರೊಸೆಸ್ ಜೊತೆ ಹಂಚಿಕೊಂಡದ್ದು) ಆಗಿರಬೇಕು. ಬರೀ ಮೆಮ್-ಪಾತ್ ಕೊಟ್ಟರೆ ಅದು ಪ್ರೈವೇಟ್ ಮ್ಯಾಪಿಂಗ್. ಹಾಗಾಗಿ ಅವರೆಲ್ಲಾ ಮೊದಲಿನಿಂದಲೂ ಮೆಮೊರಿ ಬ್ಯಾಕೆಂಡ್ ಆಬ್ಜೆಕ್ಟ್‌ಗೆ ಶೇರ್ ಆನ್ ಅಂತ ಕೊಟ್ಟೇ ಓಡಿಸಬೇಕಿತ್ತು. ಆ ದಾರಿಯಲ್ಲಿ ಫಾಲ್‌ಬ್ಯಾಕ್ ಇರಲೇ ಇಲ್ಲ ಅಂತ ಮೇಲೆ ಬಂದಿದೆ.

ಸಾಕೆಟ್ ಸಾಲು

ಒಪ್ಪಿದೆ. ಹಾಗಾದರೆ ಇದನ್ನು ತಿರುಗಿಸಿ ಹೇಳಬಹುದು. ಫಾಲ್‌ಬ್ಯಾಕ್ ಇಲ್ಲದ ದಾರಿಯಲ್ಲಿ ನಾವು ಇಷ್ಟು ವರ್ಷ ಓಡಿಸಿದ್ದೇವೆ. ಮೆಮೊರಿ ಸಾಲದಿದ್ದರೆ ವಿಎಂ ಏಳುವುದಿಲ್ಲ, ಬೇರೆ ಹೋಸ್ಟ್‌ಗೆ ಕಳಿಸುತ್ತೇವೆ. ಅದರಿಂದ ಯಾರಿಗೂ ತೊಂದರೆ ಆಗಿದ್ದು ನಾನು ನೋಡಿಲ್ಲ.

ವಲಸೆ ದಾರಿ

ಲೈವ್ ಮೈಗ್ರೇಶನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ದಾಟಿಸುವುದು) ಮಾಡುವವರಿಗೆ ಇದು ಇನ್ನೂ ಹತ್ತಿರದ ವಿಷಯ.

ಮೆಮೊರಿ ಮೊದಲು ಕಳಿಸಿ ಆಮೇಲೆ ವಿಎಂ ದಾಟಿಸುವ ಸಾಮಾನ್ಯ ಪ್ರೀಕಾಪಿ ಮೈಗ್ರೇಶನ್‌ನಲ್ಲಿ ಈ ಕಡೆ ಹ್ಯೂಜ್‌ಪೇಜ್, ಆ ಕಡೆ ಮಾಮೂಲಿ ಪೇಜ್ ಇದ್ದರೂ ಮೆಮೊರಿ ದಾಟುತ್ತದೆ. ಅಂದರೆ ತಲುಪುವ ಹೋಸ್ಟ್‌ನಲ್ಲಿ ಫಾಲ್‌ಬ್ಯಾಕ್ ಆದರೂ ಮೈಗ್ರೇಶನ್ ಯಶಸ್ವಿ ಅಂತಲೇ ಬರುತ್ತದೆ. ವಿಎಂ ಮಾತ್ರ ಅಲ್ಲಿಂದ ಮುಂದೆ ನಿಧಾನ. ಬಳಕೆದಾರರು ‘ಏನೂ ಬದಲಾಯಿಸಿಲ್ಲ, ನಿನ್ನೆಯಿಂದ ಹೀಗಾಗಿದೆ’ ಅಂತ ಬರುತ್ತಾರೆ. ಅವರು ಹೇಳುವುದು ನಿಜ. ಅವರು ಬದಲಾಯಿಸಿಲ್ಲ.

ವಿಎಂ ಮೊದಲು ದಾಟಿಸಿ ಉಳಿದ ಮೆಮೊರಿ ಆಮೇಲೆ ತರುವ ಪೋಸ್ಟ್‌ಕಾಪಿಯಲ್ಲಿ ಹೀಗೆ ಜಾರಿಕೊಳ್ಳಲು ಆಗುವುದಿಲ್ಲ. ಎರಡೂ ಕಡೆ ಪ್ರತಿ ರ‍್ಯಾಮ್ ಬ್ಲಾಕ್‌ನ ಪೇಜ್ ಗಾತ್ರ ಒಂದೇ ಇರಬೇಕು. ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗುವುದೇ ಇಲ್ಲ. ಕ್ಯೂಎಮುವಿನ ಮೈಗ್ರೇಶನ್ ದಾಖಲೆಯಲ್ಲೇ ಇದನ್ನು ಬರೆದಿದ್ದರು: ಹ್ಯೂಜ್‌ಪೇಜ್ ಸಾಲದಿದ್ದರೆ ಮೆಮ್-ಪಾತ್ ಮಾಮೂಲಿ ರ‍್ಯಾಮ್‌ಗೆ ಬೀಳುತ್ತದೆ, ಆಗ ಈ ಷರತ್ತು ಮುರಿಯುತ್ತದೆ, ತಪ್ಪಿಸಲು ಮೆಮ್-ಪ್ರೀಅಲಾಕ್ ಕೊಡಿ ಅಂತ. ಒಂದು ಸೌಲಭ್ಯದಿಂದ ಪಾರಾಗುವುದು ಹೇಗೆ ಅಂತ ಇನ್ನೊಂದು ಸೌಲಭ್ಯದ ದಾಖಲೆಯಲ್ಲಿ ಬರೆಯಬೇಕಾಗಿದೆ ಅಂದರೆ, ಮೊದಲನೆಯದನ್ನು ತೆಗೆಯುವ ಕಾಲ ಬಂದಿದೆ ಅಂತಲೇ ನಾನು ಓದಿಕೊಂಡೆ.

ಪೋಸ್ಟ್‌ಕಾಪಿಗೆ 1 ಜಿಬಿ ಪೇಜ್ ಹಾಕುವವರು ಇನ್ನೊಂದು ಯೋಚಿಸಿ. ಗೆಸ್ಟ್ ಮುಟ್ಟಿದ ಪೇಜ್ ಪೂರ್ತಿ ಬರುವವರೆಗೆ ಅದು ಕಾಯಬೇಕು. 10 ಗಿಗಾಬಿಟ್ ಲಿಂಕ್‌ನಲ್ಲಿ ಒಂದು ಪೇಜ್‌ಗೆ ಹೆಚ್ಚು ಕಡಿಮೆ ಒಂದು ಸೆಕೆಂಡ್ ಬೇಕು. 2 ಎಂಬಿಯೇ ವಾಸಿ.

ಕೋಡ್ ಕಡೆಯಿಂದ ನೋಡಿದರೂ ಇದು ಅಡ್ಡ ಇತ್ತು. 5.0ರಲ್ಲಿ ಗೆಸ್ಟ್‌ನ ಮುಖ್ಯ ರ‍್ಯಾಮ್ ಕೂಡ ಮೆಮೊರಿ ಬ್ಯಾಕೆಂಡ್ ಮೂಲಕವೇ ಬರುವಂತೆ ಮಾಡಿದರು. ಮೆಮ್-ಪಾತ್ ಈಗ ಒಳಗೆ ಒಂದು ಬ್ಯಾಕೆಂಡ್ ಫೈಲ್ ಆಬ್ಜೆಕ್ಟ್ ಮಾಡಿಕೊಡುವ ಅಡ್ಡದಾರಿ, ಅಷ್ಟೇ. ಫೈಲ್‌ನಿಂದ ಶುರುವಾಗಿ ಮಧ್ಯದಲ್ಲಿ ರ‍್ಯಾಮ್ ಆಗಿಬಿಡುವ ಬ್ಯಾಕೆಂಡ್ ಅಂತ ಒಂದು ಇಟ್ಟುಕೊಂಡು ಈ ಕೆಲಸ ಶುದ್ಧವಾಗಿ ಮಾಡಲು ಆಗುತ್ತಿರಲಿಲ್ಲ.

ಲ್ಯಾಬ್ ಯಂತ್ರ

ಮೈಗ್ರೇಶನ್ ಮಾತು ನನಗೂ ಒಪ್ಪಿಗೆ. ಆದರೆ ತೆಗೆದ ರೀತಿಯ ಬಗ್ಗೆ ನನ್ನ ದೂರು ಹಾಗೇ ಇದೆ.

ಕ್ಯೂಎಮುವಿನ ನಿಯಮ ಏನು? ಡಿಪ್ರಿಕೇಟ್ ಅಂತ ಹೇಳಿ ಎರಡು ರಿಲೀಸ್ ಇಟ್ಟುಕೊಳ್ಳುತ್ತಾರೆ, ಆಮೇಲೆ ತೆಗೆಯಬಹುದು. ವರ್ಷಕ್ಕೆ ಮೂರು ರಿಲೀಸ್. 4.1ರಲ್ಲಿ ಹೇಳಿದರು, 4.2 ಬಂತು, 5.0ರಲ್ಲಿ ಹೋಯಿತು. ಎಂಟು ತಿಂಗಳು. ಲಿನಕ್ಸ್ ಡಿಸ್ಟ್ರೋ ಕೊಟ್ಟ ಪ್ಯಾಕೇಜ್ ಬಳಸುವವರು ಪ್ರತಿ ರಿಲೀಸ್ ಓಡಿಸುತ್ತಾರಾ? ಇಲ್ಲ. 2.ಎಕ್ಸ್‌ನಿಂದ ಒಂದೇ ನೆಗೆತಕ್ಕೆ 5 ಅಥವಾ 6ಕ್ಕೆ ಹೋಗುತ್ತಾರೆ. ಡಿಪ್ರಿಕೇಟ್ ಅನ್ನುವ ಸಾಲು ತೋರಿಸುವ ವರ್ಶನ್ ಅವರ ಯಂತ್ರಕ್ಕೆ ಬರಲೇ ಇಲ್ಲ. ಅವರ ಮಟ್ಟಿಗೆ ಎಚ್ಚರಿಕೆ ಕೊಟ್ಟಿಲ್ಲ ಅಂತಲೇ ಅರ್ಥ.

ಸದ್ದಿಲ್ಲದ ಫಾಲ್‌ಬ್ಯಾಕ್ ತಪ್ಪು ಅನ್ನುವವರು ಸದ್ದು ಕೇಳಿಸದಂತೆ ಅದನ್ನು ತೆಗೆದಿದ್ದನ್ನೂ ನೋಡಬೇಕು.

ಹೋಸ್ಟ್ ಕಾವಲು

ಈ ದೂರಿನಲ್ಲಿ ಹುರುಳಿದೆ. ನಾನು ಇದನ್ನು ತಳ್ಳಿಹಾಕುವುದಿಲ್ಲ. ಲಾಗ್‌ನಲ್ಲಿ ಬರುವ ಎಚ್ಚರಿಕೆ, ಆ ವರ್ಶನ್ ಓಡಿಸಿದವರಿಗೆ ಮಾತ್ರ. ಅದಕ್ಕೇ ಡಿಪ್ರಿಕೇಶನ್ ಪಟ್ಟಿಯನ್ನು ದಾಖಲೆಯಲ್ಲಿ ಬೇರೆಯಾಗಿ ಇಟ್ಟಿರುತ್ತಾರೆ. ತೆಗೆದುಹಾಕಿದವುಗಳ ಪಟ್ಟಿಯೂ ಇದೆ, ಯಾವ ವರ್ಶನ್‌ನಲ್ಲಿ ಹೋಯಿತು ಅಂತ ಅದರಲ್ಲಿ ಸಿಗುತ್ತದೆ. ದೊಡ್ಡ ನೆಗೆತ ಹಾಕುವವರು ಮಧ್ಯದ ಎಲ್ಲಾ ವರ್ಶನ್‌ಗಳ ಪಟ್ಟಿ ಓದಲೇಬೇಕು. ಎಷ್ಟು ಜನ ಓದುತ್ತಾರೆ ಅಂದರೆ, ಕಡಿಮೆ. ಡಿಸ್ಟ್ರೋ ಪ್ಯಾಕೇಜ್ ಮಾಡುವವರು ಅಪ್‌ಗ್ರೇಡ್ ಟಿಪ್ಪಣಿಯಲ್ಲಿ ಇಂಥ ನಾಲ್ಕು ವಿಷಯ ಎತ್ತಿ ಹೇಳಿದರೆ ತುಂಬಾ ಉಪಯೋಗ.

ಆದರೂ ಎರಡು ರೀತಿಯ ಮುರಿಯುವಿಕೆ ಒಂದೇ ಅಲ್ಲ. ಗೆಸ್ಟ್ ಒಳಗಿನ ಡೇಟಾಕ್ಕೆ ಹಾನಿ ಮಾಡುವ ಬದಲಾವಣೆ ಆಗಿದ್ದರೆ ಎಂಟು ತಿಂಗಳು ಸಾಲದು ಅಂತ ನಾನೂ ಜಗಳ ಆಡುತ್ತಿದ್ದೆ. ಇಲ್ಲಿ ವಿಎಂ ಏಳಲಿಲ್ಲ, ಕಾರಣ ಒಂದು ಸಾಲಿನಲ್ಲಿ ಬಂತು, ಕಮಾಂಡ್ ತಿದ್ದಿದರೆ ಎದ್ದಿತು. ಅಪ್‌ಗ್ರೇಡ್ ಮಾಡಿದ ಹೊತ್ತಲ್ಲೇ, ಮಾಡಿದವರ ಕಣ್ಣೆದುರೇ. ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ.

ಸ್ಕ್ರಿಪ್ಟ್ ಕೆಲಸ

ಸ್ಕ್ರಿಪ್ಟ್‌ನಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ, ಅದೇ ಅಲ್ವಾ ಮೊದಲ ಪೋಸ್ಟ್‌ನ ಪ್ರಶ್ನೆ.

ತುಂಬಾ ಜನ ಶುರುಮಾಡುವ ಮುಂಚೆ ಪ್ರಾಕ್ ಮೆಮ್‌ಇನ್ಫೋ (ಕರ್ನಲ್ ಮೆಮೊರಿ ಲೆಕ್ಕ ತೋರಿಸುವ ಫೈಲ್) ಓದಿ ಹ್ಯೂಜ್‌ಪೇಜಸ್-ಫ್ರೀ ಎಷ್ಟಿದೆ ಅಂತ ನೋಡುತ್ತಾರೆ. ಸಾಕಷ್ಟಿದ್ದರೆ ಮುಂದೆ ಹೋಗುತ್ತಾರೆ. ಇದರಲ್ಲಿ ಎರಡು ತೂತು. ಒಂದು, ಫ್ರೀ ಅನ್ನುವುದರಲ್ಲಿ ಬೇರೆ ವಿಎಂಗೆ ಕಾಯ್ದಿರಿಸಿದ, ಆದರೆ ಅದು ಇನ್ನೂ ಮುಟ್ಟದ ಪೇಜ್‌ಗಳೂ ಸೇರಿರುತ್ತವೆ. ಫ್ರೀನಿಂದ ಆರ್‌ಎಸ್‌ವಿಡಿ (ಹಾಗೆ ಕಾಯ್ದಿರಿಸಿದವುಗಳ ಲೆಕ್ಕ) ಕಳೆದರೆ ಉಳಿಯುವುದೇ ನಿಮ್ಮ ಪಾಲು. ಎರಡು, ನೀವು ಓದಿ ಶುರುಮಾಡುವ ನಡುವೆ ಇನ್ನೊಂದು ವಿಎಂ ಎದ್ದಿರಬಹುದು. ಹೋಸ್ಟ್ ರೀಬೂಟ್ ಆದಾಗ ಎಲ್ಲಾ ವಿಎಂಗಳೂ ಒಟ್ಟಿಗೆ ಏಳುತ್ತವೆ, ಆಗಂತೂ ಖಂಡಿತ.

ಹಾಗಾಗಿ ಮೊದಲೇ ನೋಡುವುದನ್ನು ನಂಬಬೇಡಿ. ಓಡಿಸಿ, ಎಗ್ಸಿಟ್ ಕೋಡ್ ನೋಡಿ. ಮೆಮೊರಿ ಸಿಕ್ಕಿತೋ ಇಲ್ಲವೋ ಅಂತ ಹೇಳಲು ಅದನ್ನು ಕೇಳಿ ಪಡೆದವರಿಗೆ ಮಾತ್ರ ಸಾಧ್ಯ. ಹಳೆಯ ಫಾಲ್‌ಬ್ಯಾಕ್ ಈ ಒಂದೇ ನಂಬುವ ಉತ್ತರವನ್ನು ನಮ್ಮಿಂದ ಮುಚ್ಚಿಟ್ಟಿತ್ತು.

ಲ್ಯಾಬ್ ಯಂತ್ರ ಅವರಂಥವರಿಗೆ ಫಾಲ್‌ಬ್ಯಾಕ್ ಬೇಕೇ ಬೇಕು ಅಂದರೆ ಸ್ಕ್ರಿಪ್ಟ್‌ನಲ್ಲಿ ಬರೆಯಿರಿ, ನಾನು ಬೇಡ ಅನ್ನುವುದಿಲ್ಲ. ಮೊದಲ ಸಲ ಸೋತರೆ ಎರಡನೇ ಸಲ ಮೆಮೊರಿ ಬ್ಯಾಕೆಂಡ್ ರ‍್ಯಾಮ್ ಕೊಟ್ಟು ಓಡಿಸಿ. ಆದರೆ ಅದು ಆಯಿತು ಅನ್ನುವುದು ಫಲಿತಾಂಶದಲ್ಲೇ ಕಾಣಬೇಕು. ವಿಎಂಗೆ ಒಂದು ಗುರುತು ಹಾಕಿ, ಟೆಸ್ಟ್ ವರದಿಯಲ್ಲಿ ಆ ಗುರುತು ಬರಲಿ. ವೇಗ ಅಳೆಯುವ ಟೆಸ್ಟ್‌ಗಳು ಆ ಗುರುತು ಕಂಡರೆ ಓಡದೇ ಬಿಡಲಿ. ಯಾವ ಸೋಲಿಗೆ ಎರಡನೇ ಪ್ರಯತ್ನ ಅನ್ನುವುದನ್ನೂ ನೋಡಿ. ಡಿಸ್ಕ್ ಇಮೇಜ್ ಸಿಗದೇ ಸೋತರೂ ಮೆಮೊರಿ ಬದಲಾಯಿಸಿ ಮತ್ತೆ ಓಡಿಸುವ ಸ್ಕ್ರಿಪ್ಟ್‌ಗಳನ್ನು ನೋಡಿದ್ದೇನೆ.

ಮತ್ತೆ ಕೆಲಸದ ಹೋಸ್ಟ್‌ಗಳಲ್ಲಿ ಇದನ್ನು ಇಡಬೇಡಿ. ಅಲ್ಲಿ ಸೋಲನ್ನು ಶೆಡ್ಯೂಲರ್‌ಗೆ (ಯಾವ ವಿಎಂ ಯಾವ ಹೋಸ್ಟ್‌ಗೆ ಅಂತ ನಿರ್ಧರಿಸುವ ಪ್ರೋಗ್ರಾಂಗೆ) ಕೊಡಿ. ಅದಕ್ಕೆ ಬೇರೆ ಹೋಸ್ಟ್‌ಗಳು ಗೊತ್ತು, ಕ್ಯೂಎಮುಗೆ ಗೊತ್ತಿಲ್ಲ.

ಕರ್ನಲ್ ಓದುಗ

ಫಾಲ್‌ಬ್ಯಾಕ್ ಹೋಯಿತು, ಇನ್ನು ಎಲ್ಲಾ ಸೋಲೂ ಶುರುವಿನಲ್ಲೇ ಕಾಣುತ್ತದೆ ಅಂತ ಯಾರೂ ನಿಶ್ಚಿಂತೆಯಿಂದ ಕೂರಬಾರದು. ಇದನ್ನು ಬರೆಯದೇ ಹೋದರೆ ಈ ಚರ್ಚೆ ಅರ್ಧ.

ಹ್ಯೂಜ್‌ಟಿಎಲ್‌ಬಿಯಲ್ಲಿ ಎಂಮ್ಯಾಪ್ ಮಾಡುವಾಗಲೇ (ಪ್ರೊಸೆಸ್ ಮೆಮೊರಿ ಕೇಳುವ ಹೊತ್ತಲ್ಲೇ) ಕರ್ನಲ್ ಪೇಜ್‌ಗಳನ್ನು ಕಾಯ್ದಿರಿಸುತ್ತದೆ, ಸಾಲದಿದ್ದರೆ ಅಲ್ಲೇ ಎರರ್. ಫಾಲ್‌ಬ್ಯಾಕ್ ಹಿಡಿಯುತ್ತಿದ್ದುದು ಆ ಎರರ್ ಅನ್ನು. ಆದರೆ ಆ ಕಾಯ್ದಿರಿಸುವಿಕೆ ನ್ಯೂಮಾ ನೋಡ್ (ಒಂದು ಪ್ರೊಸೆಸರ್‌ಗೆ ಹತ್ತಿರದ ಮೆಮೊರಿ ಭಾಗ) ಲೆಕ್ಕದಲ್ಲಿ ಅಲ್ಲ, ಒಟ್ಟು ಲೆಕ್ಕದಲ್ಲಿ. ನೀವು ಗೆಸ್ಟ್ ಅನ್ನು ಒಂದು ನೋಡ್‌ಗೆ ಕಟ್ಟಿದ್ದೀರಿ, ಆ ನೋಡ್‌ನಲ್ಲಿ ಪೇಜ್ ಖಾಲಿ, ಪಕ್ಕದ ನೋಡ್‌ನಲ್ಲಿ ಬೇಕಾದಷ್ಟಿದೆ ಅಂತಿಟ್ಟುಕೊಳ್ಳಿ. ಎಂಮ್ಯಾಪ್ ಸರಿಯಾಗುತ್ತದೆ. ಗೆಸ್ಟ್ ಆ ಪೇಜ್ ಮುಟ್ಟಿದಾಗ ಸಿಗ್‌ಬಸ್ (ಪ್ರೊಸೆಸ್ ಕೊಲ್ಲುವ ಕರ್ನಲ್ ಸಿಗ್ನಲ್), ವಿಎಂ ಸಾವು. ಸಿಗ್ರೂಪ್‌ನ (ಪ್ರೊಸೆಸ್ ಗುಂಪಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆಯ) ಹ್ಯೂಜ್‌ಟಿಎಲ್‌ಬಿ ಮಿತಿ ದಾಟಿದರೂ ಇದೇ ಗತಿ. ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂ) ಮೇಲೆ ಫೈಲ್ ಇಟ್ಟಿದ್ದರೆ ಶುರುವಿನಲ್ಲಿ ಯಾವ ತಕರಾರೂ ಇಲ್ಲ, ಜಾಗ ಮುಗಿದ ದಿನ ಸಿಗ್‌ಬಸ್.

ಇದಕ್ಕೆ ಮದ್ದು ಪ್ರೀಅಲಾಕ್. ಶುರುವಿನಲ್ಲೇ ಪ್ರತಿ ಪೇಜ್ ಮುಟ್ಟಿ ನೋಡುತ್ತದೆ. ಸಿಗದಿದ್ದರೆ ಸಾಕಷ್ಟು ಪೇಜ್ ಇಲ್ಲ ಅಂತ ಹೇಳಿ ನಿಲ್ಲುತ್ತದೆ. ದೊಡ್ಡ ಗೆಸ್ಟ್ ಆದರೆ ಶುರುವಾಗಲು ಸಮಯ ಹಿಡಿಯುತ್ತದೆ. ಆ ಸಮಯ ಕೊಡಿ.

ಪ್ರೀಅಲಾಕ್ ಕೂಡ ಹಿಡಿಯದ ಒಂದು ಕೇಸ್ ಇದೆ. ಹ್ಯೂಜ್‌ಟಿಎಲ್‌ಬಿಎಫ್‌ಎಸ್ (ಹ್ಯೂಜ್‌ಪೇಜ್ ಕೊಡುವ ಫೈಲ್ ಸಿಸ್ಟಂ) ಮೌಂಟ್ ಆಗಿಲ್ಲ, ಆದರೆ ಆ ಹೆಸರಿನ ಖಾಲಿ ಡೈರೆಕ್ಟರಿ ಇದೆ. ಕ್ಯೂಎಮು ಅಲ್ಲೇ ಒಂದು ಮಾಮೂಲಿ ಫೈಲ್ ಮಾಡಿಕೊಂಡು ಗೆಸ್ಟ್ ರ‍್ಯಾಮ್ ಅಂತ ಬಳಸುತ್ತದೆ. ಅದರ ಮಟ್ಟಿಗೆ ಇದು ಸೋಲಲ್ಲ, ನೀವು ಕೇಳಿದ ಜಾಗದಲ್ಲೇ ಕೊಟ್ಟಿದೆ. ಮೌಂಟ್ ಆಗಿದೆಯಾ ಅನ್ನುವುದನ್ನು ಸ್ಕ್ರಿಪ್ಟ್ ಮೊದಲೇ ನೋಡಲಿ. ಓಡುತ್ತಿರುವ ವಿಎಂ ನಿಜವಾಗಿ ಎಲ್ಲಿದೆ ಅಂತ ತಿಳಿಯಲು ಆ ಪ್ರೊಸೆಸ್‌ನ ಎಸ್‌ಮ್ಯಾಪ್ಸ್‌ನಲ್ಲಿ (ಅದರ ಮೆಮೊರಿ ವಿವರದ ಫೈಲ್‌ನಲ್ಲಿ) ಕರ್ನಲ್‌ಪೇಜ್‌ಸೈಜ್ ನೋಡಿ. 2048 ಕೆಬಿ ಇದ್ದರೆ ಸರಿ, 4 ಕೆಬಿ ಇದ್ದರೆ ನಿಮಗೆ ಹ್ಯೂಜ್‌ಪೇಜ್ ಸಿಕ್ಕಿಲ್ಲ.

ಹೊಸ ಬಳಕೆದಾರ

ಇದೆಲ್ಲಾ ಓದಿ ನನ್ನ ಸಮಸ್ಯೆ ಕೇಳುವ ಧೈರ್ಯ ಬಂತು. ನನ್ನ ಒಂದು ವಿಎಂ ಹೊಸ ವರ್ಶನ್‌ನಲ್ಲಿ ಏಳುತ್ತಿಲ್ಲ. ಹೋಸ್ಟ್‌ನಲ್ಲಿ 1 ಜಿಬಿ ಹ್ಯೂಜ್‌ಪೇಜ್ ಹತ್ತಾರು ಖಾಲಿ ಇವೆ, ಫ್ರೀನಿಂದ ಆರ್‌ಎಸ್‌ವಿಡಿ ಕಳೆದೂ ನೋಡಿದೆ. ವಿಎಂಗೆ ಬೇಕಿರುವುದು 512 ಎಂಬಿ ಮಾತ್ರ. ಮತ್ತೇಕೆ ಸಿಗುತ್ತಿಲ್ಲ?

ಪುಟದ ಲೆಕ್ಕ

ಎರರ್ ಸಾಲನ್ನು ಪೂರ್ತಿ ಓದಿ. ಮೆಮೊರಿ ಗಾತ್ರ ಪೇಜ್ ಗಾತ್ರಕ್ಕೆ ಸಮ ಅಥವಾ ಜಾಸ್ತಿ ಇರಬೇಕು ಅಂತ ಇರುತ್ತದೆ. 512 ಎಂಬಿ ಗೆಸ್ಟ್ ಅನ್ನು 1 ಜಿಬಿ ಪೇಜ್‌ನಲ್ಲಿ ಕೂರಿಸಲು ಕ್ಯೂಎಮು ಒಪ್ಪುವುದಿಲ್ಲ. ಹಳೆಯ ವರ್ಶನ್‌ನಲ್ಲೂ ಒಪ್ಪುತ್ತಿರಲಿಲ್ಲ. ನಿಮ್ಮ ವಿಎಂ ಹ್ಯೂಜ್‌ಪೇಜ್‌ನಲ್ಲಿ ಯಾವತ್ತೂ ಓಡಿಲ್ಲ.

2 ಎಂಬಿ ಪೇಜ್‌ನ ಇನ್ನೊಂದು ಮೌಂಟ್ ಮಾಡಿ ಅದನ್ನು ತೋರಿಸಿ. 256 ಪೇಜ್ ಸಾಕು. ಅಥವಾ ಮೆಮ್-ಪಾತ್ ತೆಗೆದುಬಿಡಿ, ಇಷ್ಟು ಚಿಕ್ಕ ಗೆಸ್ಟ್‌ಗೆ ಅದರಿಂದ ಸಿಗುವ ಲಾಭ ಕಡಿಮೆ.

ಹೊಸ ಬಳಕೆದಾರ

2 ಎಂಬಿ ಮೌಂಟ್ ಮಾಡಿದೆ, ಪ್ರೀಅಲಾಕ್ ಕೂಡ ಸೇರಿಸಿದೆ. ಎದ್ದಿತು. ಎಸ್‌ಮ್ಯಾಪ್ಸ್‌ನಲ್ಲಿ 2048 ಕೆಬಿ ಅಂತಲೇ ಇದೆ. ತುಂಬಾ ಧನ್ಯವಾದ.

ಲ್ಯಾಬ್ ಯಂತ್ರ

ನಮ್ಮ ಟೆಸ್ಟ್ ಯಂತ್ರಗಳಿಗೆ ಎರಡು ಭಾಗ ಮಾಡುತ್ತಿದ್ದೇನೆ. ವೇಗ ಅಳೆಯದ ಟೆಸ್ಟ್‌ಗಳಿಗೆ ಮೆಮ್-ಪಾತ್ ಪೂರ್ತಿ ತೆಗೆದು ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್‌ಗೆ ಬಿಡುತ್ತೇನೆ. ವೇಗದ ಟೆಸ್ಟ್‌ಗಳಿಗೆ ಹ್ಯೂಜ್‌ಪೇಜ್ ಜೊತೆ ಪ್ರೀಅಲಾಕ್, ಎರಡನೇ ಪ್ರಯತ್ನ ಇಲ್ಲ. ಮೆಮೊರಿ ಸಿಗದೇ ಸೋತರೆ ವರದಿಯಲ್ಲಿ ಟೆಸ್ಟ್ ಫೇಲ್ ಅಂತ ಅಲ್ಲ, ಹೋಸ್ಟ್‌ನಲ್ಲಿ ಜಾಗ ಇಲ್ಲ ಅಂತ ಬೇರೆ ಬಣ್ಣದಲ್ಲಿ ಬರಲಿ. ಆಗ ಕೋಡ್ ಬರೆದವರು ತಮ್ಮ ಕೋಡ್‌ನಲ್ಲಿ ಹುಡುಕುವುದು ತಪ್ಪುತ್ತದೆ. ಎಂಟು ತಿಂಗಳ ಬಗ್ಗೆ ನನ್ನ ದೂರು ಮಾತ್ರ ಹಾಗೇ ಇದೆ.

ಹೋಸ್ಟ್ ಕಾವಲು

ಆ ದೂರು ಇರಲಿ. ನಾವು ಬಳಸುವ ಡಿಸ್ಟ್ರೋಗಳ ಅಪ್‌ಗ್ರೇಡ್ ಟಿಪ್ಪಣಿಗೆ ಸೇರಿಸಲು ಒಂದು ಪ್ಯಾರಾ ಬರೆಯೋಣ: ಮೆಮ್-ಪಾತ್ ಇದ್ದರೆ ಏನು ನೋಡಬೇಕು, ಪ್ರೀಅಲಾಕ್ ಯಾಕೆ, 1 ಜಿಬಿ ಪೇಜ್‌ಗೆ ಚಿಕ್ಕ ಗೆಸ್ಟ್ ಯಾಕೆ ಆಗದು. ಮೊದಲ ಕರಡು ನಾನು ಹಾಕುತ್ತೇನೆ. ಹಳೆಯ ವರ್ಶನ್‌ನಿಂದ ನೇರ ನೆಗೆದವರು ಓದುತ್ತಾರೆ ಅನ್ನುವುದನ್ನು ಮನಸ್ಸಲ್ಲಿಟ್ಟು ಲ್ಯಾಬ್ ಯಂತ್ರ ಅವರು ತಿದ್ದಿಕೊಟ್ಟರೆ ಒಳ್ಳೆಯದು.

ಲ್ಯಾಬ್ ಯಂತ್ರ

ಹಾಕಿ. ತಿದ್ದಿ ಕೊಡುತ್ತೇನೆ. ಎರರ್ ಸಾಲುಗಳನ್ನು ಇದ್ದ ಹಾಗೇ ಸೇರಿಸಿ, ಜನ ಹುಡುಕುವುದು ಅದನ್ನೇ.